ಅತ್ತೆಯ ರುಜು, ನನ್ನ ಅಕ್ಷರ

ನನ್ನ ಅಕ್ಷರ ಚೆನ್ನಾಗಿತ್ತು. ಜಂಬಕ್ಕೆ ಹೇಳುತ್ತಿಲ್ಲ, ತಪ್ಪೊಪ್ಪಿಗೆ ಎಂದೇ ತಿಳಿಯಿರಿ. ತೊಂಬತ್ತರ ದಶಕದ ನಡುವೆ ಗೌರಿಬಿದನೂರಿನ ನಮ್ಮ ಬೀದಿಯಲ್ಲಿ ಯಾರ ಮನೆಯ ಮದುವೆಯಾದರೂ ಲಗ್ನಪತ್ರಿಕೆಯ ಮೇಲೆ ವಿಳಾಸ ಬರೆಯುವವಳು ನಾನೇ. ರೇಷನ್ ಕಾರ್ಡಿನ ಅರ್ಜಿ, ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂಬ ದೂರು, ಮಗು ನಾಳೆ ಶಾಲೆಗೆ ಬರುವುದಿಲ್ಲ ಎಂಬ ರಜೆ ಚೀಟಿ ಎಲ್ಲವೂ ನನ್ನ ಕೈಯಲ್ಲೇ ಆಗಬೇಕಿತ್ತು. ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಬಿ.ಎ. ಮಾಡುವಾಗ ಮೇಷ್ಟ್ರೊಬ್ಬರು ನನ್ನ ಉತ್ತರಪತ್ರಿಕೆಯನ್ನು ಎತ್ತಿ ಹಿಡಿದು, "ಒಳಗಿರೋದು ಪೂರ್ತಿ ತಪ್ಪು, ಆದರೂ ಅಳಿಸೋಕೆ ಮನಸ್ಸು ಬರಲ್ಲ" ಎಂದಿದ್ದರು. ಆ ಮಾತಿನ ಕೊನೆಯ ಭಾಗವನ್ನಷ್ಟೇ ನಾನು ನೆನಪಿಟ್ಟುಕೊಂಡಿದ್ದೆ.

ಮದುವೆಯಾಗಿ ಎರಡು ವರ್ಷವಾಗಿತ್ತು. ನನ್ನ ಗಂಡನಿಗೆ ಕುಡುಮಲಕುಂಟೆ ಕಡೆಯ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ. ಮನೆಯಲ್ಲಿ ನಾವಿಬ್ಬರು, ಅತ್ತೆ, ಅತ್ತೆಯ ಎರಡು ಎಮ್ಮೆಗಳು. ಅತ್ತೆ ಹಿಂದೂಪುರದಾಚೆಯ ಹಳ್ಳಿಯವರು. ಅಲ್ಲಿ ಮೂರನೇ ತರಗತಿಯವರೆಗೆ ತೆಲುಗಿನಲ್ಲಿ ಓದಿದ್ದರು. ನಮ್ಮೊಂದಿಗೆ ಕನ್ನಡ ಮಾತಾಡುತ್ತಿದ್ದರು, ಎಮ್ಮೆಗಳೊಂದಿಗೆ ತೆಲುಗು. ಸಿಟ್ಟು ಬಂದಾಗ ಮಾತ್ರ ನಮಗೂ ಎಮ್ಮೆಗಳ ಭಾಷೆಯೇ ಸಿಗುತ್ತಿತ್ತು.

ಹಾಲು ಮಾರಿ ಬಂದ ದುಡ್ಡನ್ನು ಅವರು ಬಜಾರು ರಸ್ತೆಯ ಬ್ಯಾಂಕಿನಲ್ಲಿ ತಮ್ಮದೇ ಹೆಸರಿನಲ್ಲಿ ಕಟ್ಟುತ್ತಿದ್ದರು. ಪಾಸ್‌ಬುಕ್ಕು ಅವರ ಟ್ರಂಕಿನಲ್ಲಿ, ರೇಷ್ಮೆ ಸೀರೆಯ ಕೆಳಗಿರುತ್ತಿತ್ತು. ಅದರಲ್ಲಿ ಎಷ್ಟಿದೆಯೆಂದು ಮಗನಿಗೂ ಗೊತ್ತಿರಲಿಲ್ಲ. ಒಮ್ಮೆ ಕೇಳಿದ್ದಕ್ಕೆ, "ನಿನ್ನ ಸಂಬಳ ಎಷ್ಟು ಅಂತ ನಾನು ಕೇಳಿದೀನೇನೋ?" ಎಂದಿದ್ದರಂತೆ. ಪ್ರತಿ ತಿಂಗಳೂ ಕೇಳುತ್ತಿದ್ದರು. ಆದರೂ ಇವರು ಮಾತು ಬೆಳೆಸಲಿಲ್ಲ. ನನ್ನ ಗಂಡ ಯಾವ ಮಾತನ್ನೂ ಬೆಳೆಸುವವರಲ್ಲ.

ಆ ವರ್ಷ ನಾದಿನಿಯ ಮನೆಯಲ್ಲಿ ರೇಷ್ಮೆಹುಳ ಕೊನೆಯ ಜ್ವರ ಮುಗಿಸಿ, ಎಂದರೆ ಕಡೆಯ ಸಲ ಪೊರೆ ಕಳಚಿ, ಮೇಯಲು ಎದ್ದಿತ್ತು. ಅವಳನ್ನು ದಿಬ್ಬೂರಹಳ್ಳಿಗೆ ಕೊಟ್ಟಿತ್ತು. ಹುಳ ಆ ಹಂತಕ್ಕೆ ಬಂದಾಗ ಮನೆಮಂದಿಯೆಲ್ಲ ಸೇರಿದರೂ ಸೊಪ್ಪು ಹಾಕಿ ಮುಗಿಯುವುದಿಲ್ಲ. ಅತ್ತೆ ಹತ್ತು ದಿನಕ್ಕೆಂದು ಹೊರಟರು. ಹೊರಡುವಾಗ ಟ್ರಂಕಿನ ಬೀಗದ ಕೈಯನ್ನು ಸೊಂಟದಿಂದ ಬಿಚ್ಚಿ ನನ್ನ ಕೈಗಿಟ್ಟರು.

"ಎಮ್ಮೆಗೆ ಹುಷಾರು ತಪ್ಪಿದ್ರೆ ಡಾಕ್ಟರಿಗೆ ಕೊಡೋಕೆ ಮೇಲ್ಗಡೆನೇ ನೂರು ರೂಪಾಯಿ ಇಟ್ಟಿದೀನಿ. ಕೆಳಗೆ ಕೈ ಹಾಕ್ಬೇಡ ಕಣಮ್ಮ."

ಎರಡು ವರ್ಷದಲ್ಲಿ ಮೊದಲ ಸಲ ಆ ಬೀಗದ ಕೈ ನನ್ನ ಕೈ ಸೇರಿತ್ತು. ಅಂದು ಮಧ್ಯಾಹ್ನ ಬೀದಿಯಲ್ಲಿ ಸಿಕ್ಕವರಿಗೆಲ್ಲ ಏನಾದರೊಂದು ನೆಪದಲ್ಲಿ ಅದನ್ನು ತೋರಿಸಿಬಂದೆ.

ಮೂರನೆಯ ದಿನ ಅವನು ಬಂದ.

ಬಿಳಿ ಅಂಗಿ, ಕೈಯಲ್ಲಿ ಕಂದು ಚೀಲ, ಕುತ್ತಿಗೆಗೆ ಟೈ. ಕಾನ್ವೆಂಟಿಗೆ ಹೋಗುವ ಮಕ್ಕಳನ್ನು ಬಿಟ್ಟರೆ ನಮ್ಮ ಬೀದಿಯಲ್ಲಿ ಟೈ ಕಟ್ಟಿದವರನ್ನು ನಾನು ಕಂಡಿರಲಿಲ್ಲ. ಆ ಬಿಸಿಲಿನಲ್ಲಿ ಅದನ್ನು ಕಟ್ಟಿಕೊಂಡು ಬಂದವನು ಸಾಮಾನ್ಯನಿರಲಾರ ಅನ್ನಿಸಿತು. ಬಾಗಿಲಲ್ಲಿ ನಿಂತು, "ಮೇಡಂ, ಬ್ಯಾಂಕಿನ ಹೆಡ್ ಆಫೀಸಿಂದ ಬಂದಿದೀನಿ. ಕಂಪ್ಯೂಟರ್ ಸೆಕ್ಷನ್ನು" ಎಂದ.

ಅದುವರೆಗೆ ನನ್ನನ್ನು ಮೇಡಂ ಎಂದು ಯಾರೂ ಕರೆದಿರಲಿಲ್ಲ. ಕುರ್ಚಿ ಹಾಕಿದೆ.

ಬ್ಯಾಂಕಿಗೆ ಕಂಪ್ಯೂಟರ್ ಬರುತ್ತಿದೆಯಂತೆ. ಎಲ್ಲರ ಲೆಕ್ಕವೂ ಅದರೊಳಗೆ ಹೋಗಬೇಕಂತೆ. ಹೋಗದೆ ಉಳಿದ ಖಾತೆಗಳು ತಿಂಗಳ ಕೊನೆಗೆ ರದ್ದಂತೆ. ಅದಕ್ಕೇ ಪಾಸ್‌ಬುಕ್ಕುಗಳನ್ನು ತಾನೇ ಮನೆಮನೆಗೆ ಬಂದು ತೆಗೆದುಕೊಂಡು ಹೋಗಿ, ವಾರದೊಳಗೆ ವಾಪಸು ತಂದುಕೊಡುತ್ತಾನಂತೆ.

"ಬುಕ್ಕು ನಮ್ಮತ್ತೆಯವರದು. ಅವ್ರು ಊರಲ್ಲಿಲ್ಲ" ಎಂದೆ.

"ನೀವಿದೀರಲ್ಲ ಮೇಡಂ. ಓದಿದೋರು ಅಂತ ಬಾಗಿಲಲ್ಲೇ ಗೊತ್ತಾಯ್ತು. ಓದ್ದೇ ಇರೋರಿಗೆ ಇದನ್ನ ವಿವರಿಸೋಷ್ಟರಲ್ಲಿ ಸಾಕಾಗಿಹೋಗುತ್ತೆ."

ಓದಿದವಳು ಎಂದಮೇಲೆ ನನಗೆ ಬೇರೆ ದಾರಿಯಿರಲಿಲ್ಲ. ಟ್ರಂಕು ತೆರೆದು ರೇಷ್ಮೆ ಸೀರೆಯ ಕೆಳಗೆ ಕೈ ಹಾಕಿದೆ. ಅವನು ಅಲ್ಲೇ ಚೀಲದಿಂದ ರಬ್ಬರ್ ಸ್ಟಾಂಪು ತೆಗೆದು, ಉಫ್ ಎಂದು ಊದಿ, ರಸೀದಿಯೊಂದಕ್ಕೆ ಒತ್ತಿಕೊಟ್ಟ. ಆಮೇಲೆ ಪಾಸ್‌ಬುಕ್ಕು ತಿರುವಿಹಾಕುತ್ತಾ ಕೇಳಿದ: "ಅಮ್ಮನವರು ರುಜು ಕನ್ನಡದಲ್ಲಿ ಹಾಕ್ತಾರಾ, ಇಂಗ್ಲಿಷಲ್ಲಾ? ಕಂಪ್ಯೂಟರಿಗೆ ಹೇಳಬೇಕು."

"ಕನ್ನಡದಲ್ಲೇ."

"ಹೆಂಗೆ, ಒಂಚೂರು ಬರೆದು ತೋರಿಸ್ತೀರಾ?"

ಬರೆದೆ. ಅತ್ತೆಯ ಹೆಸರು ಮೂರೇ ಅಕ್ಷರ. ಮೂರನ್ನೂ ಮುತ್ತಿನಂತೆ ಬರೆದೆ. ಅವನು ಕಾಗದವನ್ನು ದೂರ ಹಿಡಿದು ನೋಡಿದ. "ಏನ್ ಅಕ್ಷರ ಮೇಡಂ! ಅಚ್ಚು ಹಾಕಿದಂಗಿದೆ. ಇನ್ನೊಂದ್ಸಲ ಬರೀರಿ ನೋಡಣ." ಇನ್ನೊಂದು ಸಲ ಬರೆದೆ. ಮೂರನೆಯ ಸಲ ಅವನು ಕೇಳಲಿಲ್ಲ. ಎರಡನೆಯದರಲ್ಲಿ ಕೊನೆಯ ಅಕ್ಷರ ಸ್ವಲ್ಪ ಓರೆಯಾಗಿದೆ ಅನ್ನಿಸಿ ನಾನೇ ಬರೆದುಕೊಟ್ಟೆ.

ಮಾಡಿಟ್ಟಿದ್ದ ಉಪ್ಪಿಟ್ಟು ಬಡಿಸಿದೆ. ಇನ್ನೊಂದು ಸಲ ಹಾಕಿಸಿಕೊಂಡು ತಿಂದ. ತಟ್ಟೆಯನ್ನು ತಾನೇ ತೊಳೆದಿಡಲು ಎದ್ದ. ಅಷ್ಟು ಸಂಭಾವಿತ.

ಎದುರು ಮನೆಯಾಕೆಯೂ ತನ್ನ ಪಾಸ್‌ಬುಕ್ಕು ಕೊಟ್ಟಳು. ಅದರಲ್ಲಿ ಹನ್ನೊಂದೇ ರೂಪಾಯಿ ಇತ್ತು. ಮರುದಿನ ಬೆಳಿಗ್ಗೆ ಆ ಪಾಸ್‌ಬುಕ್ಕು ಅವಳ ಮನೆಯ ಕಾಂಪೌಂಡಿನೊಳಗೆ ಬಿದ್ದಿತ್ತು. "ಇಷ್ಟು ಬೇಗ ಕಂಪ್ಯೂಟರಿಗೆ ಹಾಕಿ ತಂದುಕೊಟ್ಟೋದ, ಎಂಥ ಕೆಲಸಗಾರ!" ಎಂದು ಅವಳೂ ನಾನೂ ಬೀದಿಯಲ್ಲಿ ನಿಂತು ಹೊಗಳಿದೆವು.

ಹನ್ನೆರಡನೆಯ ದಿನ ಅತ್ತೆ ಬಂದರು. ನಾನು ರಸೀದಿಯನ್ನು ಮುಂದಿಟ್ಟು ಕಂಪ್ಯೂಟರ್ ವಿಷಯವನ್ನೆಲ್ಲ ವಿವರಿಸಿದೆ. ಅವರು ರಸೀದಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಸ್ಟಾಂಪಿನಲ್ಲಿ "ಸ್ವೀಕರಿಸಲಾಗಿದೆ" ಎಂದಷ್ಟೇ ಇತ್ತು. ಯಾರು, ಎಲ್ಲಿ, ಏನನ್ನು ಎಂಬುದಿರಲಿಲ್ಲ.

"ಚಪ್ಪಲಿ ಹಾಕ್ಕೋ. ಬ್ಯಾಂಕಿಗೆ ಹೋಗಣ" ಎಂದರು.

ಬ್ಯಾಂಕಿನ ಗುಮಾಸ್ತರು ಪೂರ್ತಿ ಕೇಳಿಸಿಕೊಂಡು, ತಲೆಯ ಮೇಲೆ ಕೈ ತೋರಿಸಿದರು. "ಅಮ್ಮಾ, ಈ ಫ್ಯಾನು ಕೆಟ್ಟು ಒಂದು ವರ್ಷ ಆಯ್ತು. ರಿಪೇರಿಗೆ ಬರೆದು ಬರೆದು ಸಾಕಾಗಿದೆ. ಹೆಡ್ ಆಫೀಸಿನೋರು ನಮಗೆ ಕಂಪ್ಯೂಟರ್ ಕೊಡ್ತಾರಾ?" ಎಂದು, ದಪ್ಪನೆಯ ಲೆಡ್ಜರನ್ನು ಎಳೆದು ಹಾಳೆ ತಿರುವಿದರು. ಅವರ ಬೆರಳು ಒಂದು ಕಡೆ ನಿಂತಿತು. ಒಂದು ವಾರದ ಹಿಂದೆ ಹಣ ತೆಗೆದಿತ್ತು. ಎರಡು ಒಳ್ಳೆಯ ಎಮ್ಮೆ ಕೊಳ್ಳುವಷ್ಟು ಹಣ. ಖಾತೆ ಮುಚ್ಚಿಹೋಗದಂತೆ ಕಡೆಯ ಇಪ್ಪತ್ತು ರೂಪಾಯಿಯನ್ನು ಮಾತ್ರ ಬಿಟ್ಟಿತ್ತು.

"ನೀವೇ ಬಂದು ತಗೊಂಡೋಗಿದೀರಲ್ಲಮ್ಮ" ಎಂದರು ಗುಮಾಸ್ತರು.

"ನಾನು ದಿಬ್ಬೂರಹಳ್ಳೀಲಿ ಹುಳಕ್ಕೆ ಸೊಪ್ಪು ಹಾಕ್ತಿದ್ದೆ!"

ಮ್ಯಾನೇಜರ ಕೋಣೆಗೆ ಹೋದೆವು. ಅವರು ಮಂಗಳೂರು ಕಡೆಯವರು. ಸೌಮ್ಯ ಮನುಷ್ಯ, ಪುಸ್ತಕದ ಕನ್ನಡದಲ್ಲಿ ಮಾತಾಡುತ್ತಿದ್ದರು. ಹಣ ತೆಗೆದ ಚೀಟಿಯನ್ನು ತರಿಸಿ ಮೇಜಿನ ಮೇಲಿಟ್ಟರು. "ನೋಡಿ ಅಮ್ಮ. ಪಾಸ್‌ಬುಕ್ಕು ಹಾಜರಾಗಿದೆ, ಖಾತೆದಾರರು ಹಾಜರಾಗಿದ್ದಾರೆ, ಸಹಿಯೂ ಇದೆ. ಎಷ್ಟು ಸ್ಪಷ್ಟವಾಗಿದೆ ನೋಡಿ."

ನಾನು ಬಗ್ಗಿ ನೋಡಿದೆ. ಮೂರು ಅಕ್ಷರ, ಮುತ್ತಿನಂತೆ. ಕೊನೆಯ ಅಕ್ಷರ ಒಂದಿಷ್ಟೂ ಓರೆಯಾಗಿರಲಿಲ್ಲ. ಅವನು ನನ್ನ ಮೂರನೆಯದನ್ನು ನೋಡಿ ಬರೆದಿದ್ದ.

ಚೀಟಿಯನ್ನು ಮೆಲ್ಲಗೆ ಮಗುಚಿ ಮ್ಯಾನೇಜರ ಕಡೆಗೆ ಸರಿಸಿದೆ. "ಪೊಲೀಸರಿಗೆ ದೂರು ಕೊಡಿ, ನಮಗೂ ಬರವಣಿಗೆಯಲ್ಲಿ ಒಂದು ಪ್ರತಿ ಕೊಡಿ" ಎಂದು ಮ್ಯಾನೇಜರು ಹೇಳಿದರು.

ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಕುಳಿತಿದ್ದರು. ಅಷ್ಟರಲ್ಲಿ ನನ್ನ ಗಂಡನೂ ಕಾರ್ಖಾನೆಯಿಂದ ಬಂದು ಸೇರಿಕೊಂಡಿದ್ದರು.

"ಅವನು ಹೆಂಗಿದ್ದ ಹೇಳಮ್ಮ" ಎಂದು ಕಾನ್‌ಸ್ಟೇಬಲ್ ನನ್ನನ್ನು ಕೇಳಿದರು.

"ಟೈ ಕಟ್ಟಿದ್ದ. ಕೆಂಪು ಟೈ, ಅಡ್ಡಡ್ಡ ಹಳದಿ ಪಟ್ಟೆ. ಮಧ್ಯೆ ಒಂದು ಚಿನ್ನದ ಬಣ್ಣದ ಪಿನ್ನು. ಗಂಟು ಮಾತ್ರ ಸ್ವಲ್ಪ ಎಡಕ್ಕೆ ಸರಿದಿತ್ತು."

"ಮುಖ?"

ನಾನು ಯೋಚಿಸಿದೆ. "ಮುಖ... ಸಾಮಾನ್ಯ."

"ಎತ್ತರ?"

"ಅದೂ ಸಾಮಾನ್ಯ."

ಅವರು ಪೆನ್ನು ಕೆಳಗಿಟ್ಟರು. "ಟೈ ಹಿಡ್ಕೊಂಡು ಬಂದು ಲಾಕಪ್ಪಿಗೆ ಹಾಕೋಕಾಗಲ್ಲಮ್ಮ. ಹೋಗ್ಲಿ, ಒಂದು ಕಂಪ್ಲೇಂಟು ಬರೆದುಕೊಡಿ."

ಬಿಳಿ ಹಾಳೆ ಮುಂದೆ ಬಂತು. ಪೆನ್ನು ಎತ್ತಿಕೊಂಡಾಗ ನನಗೆ ಜ್ಞಾನೋದಯವಾಯಿತು. ನಾನು ಬರೆದರೆ ಅದೇ ಅಕ್ಷರ ಕಾಗದದ ಮೇಲೆ ಬರುತ್ತದೆ. ಈ ಪ್ರತಿ ಬ್ಯಾಂಕಿಗೆ ಹೋಗುತ್ತದೆ. ಯಾರಾದರೂ ಚೀಟಿಯನ್ನೂ ಇದನ್ನೂ ಅಕ್ಕಪಕ್ಕ ಇಟ್ಟರೆ ನನ್ನ ಕಥೆ ಮುಗಿಯಿತು. ಪೆನ್ನನ್ನು ಎಡಗೈಗೆ ಬದಲಾಯಿಸಿಕೊಂಡೆ.

ಅರ್ಧ ಗಂಟೆ ಬೇಕಾಯಿತು. ಬರೆದು ಮುಗಿಸುವಷ್ಟರಲ್ಲಿ ಬೆವರು ಇಳಿಯುತ್ತಿತ್ತು. ಕಾನ್‌ಸ್ಟೇಬಲ್ ಹಾಳೆಯನ್ನು ಎತ್ತಿ, ಒಮ್ಮೆ ತಲೆಕೆಳಗಾಗಿಯೂ ಹಿಡಿದು ನೋಡಿದರು. "ನಮ್ಮ ಮನೆ ಲಗ್ನಪತ್ರಿಕೆಗೆ ಅಡ್ರೆಸ್ ಬರೆದುಕೊಟ್ಟೋರು ನೀವೇ ಅಲ್ವೇನಮ್ಮ? ಏನಾಯ್ತು ನಿಮಗೆ?"

"ಕೈ ನೋವು" ಎಂದೆ.

ಅತ್ತೆ ನನ್ನ ಬಲಗೈಯನ್ನೇ ನೋಡುತ್ತಿದ್ದರು.

ಸಂಜೆ ಕೊಟ್ಟಿಗೆಯ ಕಟ್ಟೆಯ ಮೇಲೆ ಕುಳಿತು ಅವರು ಕುಟ್ಟಾಣಿಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದರು. ಹಲ್ಲೆಲ್ಲ ಬಿದ್ದು ಆರೇಳು ವರ್ಷವಾಗಿತ್ತು. ಆ ಪುಟ್ಟ ಕಬ್ಬಿಣದ ಒರಳಿನಲ್ಲಿ ಕುಟ್ಟಿ ಮೆತ್ತಗೆ ಮಾಡದೆ ಎಲೆಯಡಿಕೆ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ನಾನು ಹುಲ್ಲು ಹಾಕಲು ಹೋದೆ.

"ಮಧ್ಯಾಹ್ನ ಲೆಡ್ಜರು ನೋಡೋವಾಗ ಬಲಗೈಲೇ ಸೆರಗು ಸರಿಮಾಡ್ಕೊಂಡೆ. ಪೆನ್ನು ಹಿಡಿಯೋಕೆ ಮಾತ್ರ ಏನಾಯ್ತೇ ಆ ಕೈಗೆ?"

ಹುಲ್ಲಿನ ಹೊರೆ ಕೆಳಗಿಟ್ಟೆ. ಎಲ್ಲವನ್ನೂ ಹೇಳಿದೆ. ಮೇಡಂ ಎಂದದ್ದು, ಕಂಪ್ಯೂಟರಿಗೆ ಹೇಳಬೇಕೆಂದದ್ದು, ರುಜು ಬರೆದುಕೊಟ್ಟದ್ದು. ಅತ್ತೆ ಕುಟ್ಟುತ್ತಲೇ ಕೇಳಿದರು.

"ಎಷ್ಟು ಸಲ ಬರೆದುಕೊಟ್ಟೆ?"

"ಮೂರು."

"ಮೂರಾ! ಒಂದು ಸಾಲದೇ ಹೋಯ್ತಾ?"

"ಅಕ್ಷರ ಚೆನ್ನಾಗಿದೆ ಅಂದ, ಅತ್ತೆ."

"ತಿನ್ನೋಕೆ ಏನು ಕೊಟ್ಟೆ?"

"ಉಪ್ಪಿಟ್ಟು."

"ತುಪ್ಪ ಹಾಕಿದ್ಯಾ?"

ಇದೊಂದು ಪ್ರಶ್ನೆ ಬರಬಾರದೆಂದು ಬೇಡಿಕೊಳ್ಳುತ್ತಿದ್ದೆ. "ಒಂದು ಚಮಚ."

ಕುಟ್ಟುವ ಸದ್ದು ನಿಂತಿತು. "ಹೋದ ತಿಂಗಳು ನಂಗೆ ಜ್ವರ ಬಂದಾಗ ತುಪ್ಪ ಕೇಳಿದ್ರೆ ಮುಗಿದೋಯ್ತು ಅಂದ್ಯಲ್ಲೇ ತಲ್ಲೀ!"

ಆಮೇಲಿನದೆಲ್ಲ ತೆಲುಗಿನಲ್ಲಿ ನಡೆಯಿತು. ಎಮ್ಮೆಗಳೂ ಕಿವಿ ನಿಗುರಿಸಿ ನಿಂತು ಕೇಳಿದವು. ಹಿತ್ತಲ ಬಾಗಿಲಿಗೆ ಬಂದ ನನ್ನ ಗಂಡ ಒಂದು ಕ್ಷಣ ನಿಂತರು. "ಅಮ್ಮ, ನೀರು ಕುಡಿಸ್ಲಾ?" ಎಂದರು. ಎಮ್ಮೆಗೋ ಅಮ್ಮನಿಗೋ ಎಂದು ಅವರು ಹೇಳಲಿಲ್ಲ. ಉತ್ತರಕ್ಕೂ ಕಾಯದೆ ಒಳಗೆ ಹೋದರು.

ಬೈದು ಮುಗಿದಮೇಲೆ ಅತ್ತೆ ಎಲೆಯಡಿಕೆಯನ್ನು ಬಾಯಿಗೆ ಹಾಕಿಕೊಂಡರು. "ಬ್ಯಾಂಕಿನೋರ ಮುಂದೆ ನಿಜ ಹೇಳ್ಬೇಕು. ಎಡಗೈ ಬಲಗೈ ಆಟ ಎಲ್ಲ ಬೇಡ" ಎಂದರು. ರಾತ್ರಿ ಊಟಕ್ಕೆ ನನ್ನನ್ನು ಅವರೇ ಕರೆದರು. ತುಪ್ಪದ ಡಬ್ಬಿಯನ್ನು ಮಾತ್ರ ಟ್ರಂಕಿಗೆ ಸೇರಿಸಿ ಬೀಗ ಹಾಕಿದ್ದರು.

ಎದುರು ಮನೆಯಾಕೆಗೆ ವಿಷಯ ತಿಳಿದು, ತನ್ನ ಪಾಸ್‌ಬುಕ್ಕನ್ನು ಕಳ್ಳ ಬೇಡವೆಂದು ಎಸೆದುಹೋದದ್ದು ಅರ್ಥವಾದಾಗ, ಅವಳು ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. "ಹನ್ನೊಂದು ರೂಪಾಯಿ ದುಡ್ಡಲ್ವಾ?" ಎಂದು ಆಮೇಲೆ ಬಹಳ ದಿನ ಕೇಳುತ್ತಿದ್ದಳು.

ತಿಂಗಳು ಕಳೆದಮೇಲೆ ವಿಚಾರಣೆಗೆಂದು ಚಿಕ್ಕಬಳ್ಳಾಪುರದಿಂದ ಬ್ಯಾಂಕಿನ ಅಧಿಕಾರಿಯೊಬ್ಬರು ಬಂದರು. ಸಣಕಲು ಮೈ, ಹತ್ತಿಯ ಚೀಲ, ಅದರೊಳಗೊಂದು ಭೂತಗನ್ನಡಿ. ತೆಲುಗು ನಾಡಿನ ಗಡಿಯ ಮುಳಬಾಗಿಲಿನ ಕಡೆಯವರೆಂದು ಮಾತಿನಲ್ಲೇ ತಿಳಿಯುತ್ತಿತ್ತು. ಮ್ಯಾನೇಜರ ಕೋಣೆಯಲ್ಲಿ ಅವರು, ಮ್ಯಾನೇಜರು, ಅತ್ತೆ, ನಾನು ಕುಳಿತೆವು. ಖಾತೆ ತೆರೆದಾಗ ಅತ್ತೆ ರುಜು ಹಾಕಿದ್ದ ಕಾರ್ಡನ್ನು ತರಿಸಿ, ಹಣ ತೆಗೆದ ಚೀಟಿಯ ಪಕ್ಕದಲ್ಲಿಟ್ಟರು. ಭೂತಗನ್ನಡಿ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಾಡಿತು.

"ಅಮ್ಮಾ, ನೀವು ಎಲ್ಲಿ ಓದಿದ್ದು?"

"ನಮ್ಮೂರಲ್ಲಿ. ಮೂರನೇ ಕ್ಲಾಸು. ತೆಲುಗು."

ಅಧಿಕಾರಿ ಮ್ಯಾನೇಜರತ್ತ ತಿರುಗಿದರು. "ಇಲ್ಲಿ ನೋಡಿ ಸಾರ್. ಕಾರ್ಡಿನಲ್ಲಿ ಅಕ್ಷರ ಕನ್ನಡ, ತಲೆಕಟ್ಟು ತೆಲುಗು. ಮೂರಕ್ಕೂ ಮೇಲೆ ಟಿಕ್ ಹಾಕಿದ ಹಾಗೆ ಗೀಟು ಎಳೆದಿದ್ದಾರೆ. ಚೀಟಿಯಲ್ಲಿ ತಲೆಕಟ್ಟೂ ಅಚ್ಚ ಕನ್ನಡ."

ಮ್ಯಾನೇಜರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. "ನಾನು ಅದನ್ನು ವಯಸ್ಸಿನ ನಡುಕ ಎಂದು ತಿಳಿದಿದ್ದೆ" ಎಂದು ಮೆತ್ತಗೆ ಹೇಳಿದರು.

"ಚೀಟಿಯ ಅಕ್ಷರ ಬಹಳ ಚೆನ್ನಾಗಿದೆ. ಚೆನ್ನಾಗಿ ಓದಿದೋರ ಕೈ" ಎಂದರು ಅಧಿಕಾರಿ.

ಅತ್ತೆ ಮೊಣಕೈಯಿಂದ ನನ್ನನ್ನು ತಿವಿದರು. ನಾನು ಎದ್ದು ನಿಂತೆ, ಶಾಲೆಯಲ್ಲಿ ನಿಲ್ಲುವಂತೆ. "ಅದು ನನ್ನ ಅಕ್ಷರದ ಹಾಗೇ ಇದೆ ಸಾರ್" ಎಂದೆ.

ಅಧಿಕಾರಿ ಭೂತಗನ್ನಡಿಯನ್ನು ಕೆಳಗಿಟ್ಟು, ಬರಿಗಣ್ಣಿನಲ್ಲಿ ನನ್ನನ್ನು ನೋಡಿದರು. ನಾನು ತೊದಲುತ್ತಾ ನಡೆದದ್ದನ್ನು ಹೇಳಿದೆ. ಹೇಳುತ್ತಾ ಹೋದಂತೆ ನನಗೇ ಅದು ಸುಳ್ಳೆನಿಸತೊಡಗಿತು. ಟೈ ಕಟ್ಟಿದ ಕಳ್ಳ, ಉಪ್ಪಿಟ್ಟು, ಮೂರು ಸಲ ರುಜು. ಅಧಿಕಾರಿ ಅತ್ತೆಯ ಕಡೆ ಬಾಗಿ ದನಿ ತಗ್ಗಿಸಿದರು.

"ಅಮ್ಮಾ, ತಪ್ಪು ತಿಳೀಬೇಡಿ. ಟ್ರಂಕಿನ ಬೀಗದ ಕೈ ಇವರ ಹತ್ರ ಇತ್ತು. ಅಕ್ಷರ ಇವರದೇ ಥರ ಇದೆ. ನಿಮಗೆ ಇವರ ಮೇಲೆ ಅನುಮಾನ..."

"ನನ್ನ ಸೊಸೆ ಕಳ್ಳಿ ಅಲ್ಲ ಸ್ವಾಮಿ" ಎಂದರು ಅತ್ತೆ, ಇಡೀ ಬ್ಯಾಂಕಿಗೆ ಕೇಳಿಸುವಂತೆ. "ದಡ್ಡಿ. ಹಂಗೇ ಬರ್ಕಳಿ."

ಅಧಿಕಾರಿ ನಿಜವಾಗಿಯೂ ಬರೆದುಕೊಂಡರು. ಯಾವ ಪದ ಬಳಸಿದರೋ ನನಗೆ ಕಾಣಲಿಲ್ಲ. ಆಮೇಲೆ ಕ್ಯಾಷಿಯರನ್ನು ಕರೆಸಿದರು. ಹಣ ಹೋದ ಹೊತ್ತಿಗೆ ಕ್ಯಾಷಿಯರು ಆ ಶಾಖೆಗೆ ವರ್ಗವಾಗಿ ಬಂದು ಕೆಲವೇ ದಿನಗಳಾಗಿದ್ದವು. ಹಣ ತೆಗೆದದ್ದು ಈ ಅಮ್ಮನೇ ಎಂದು ಖಚಿತವಾಗಿ ಹೇಳಿದರು.

"ಚೆನ್ನಾಗಿ ನೆನಪಿದೆ ಸಾರ್. ಇದೇ ವಯಸ್ಸು, ಹಿಂಗೇ ಸೆರಗು ಹೊದ್ದಿದ್ರು. ಟೋಕನ್ನು ತಗೊಂಡು ಆ ಬೆಂಚಿನ ಮೇಲೆ ಕೂತು ಅಡಿಕೆ ಕಡೀತಿದ್ರು. ಉಂಡೆ ಅಡಿಕೆ ಸಾರ್, ಕಟಕಟ ಅಂತ ಸದ್ದು ನನ್ನ ಕೌಂಟರಿಗೆ ಕೇಳಿಸ್ತಿತ್ತು. ಇಲ್ಲಿ ಉಗುಳ್ಬೇಡಿ ಅಂತ ನಾನೇ ಹೇಳಿದೀನಿ."

ಅತ್ತೆ ನಿಧಾನವಾಗಿ ಎದ್ದರು. ಕ್ಯಾಷಿಯರ ಮುಂದೆ ಹೋಗಿ ನಿಂತು, ಸೆರಗು ಸರಿಸಿ, ಬಾಯಿಯನ್ನು ಆದಷ್ಟು ಅಗಲ ತೆರೆದರು. ಕ್ಯಾಷಿಯರು ಹಿಂದಕ್ಕೆ ಸರಿದರು. ಅಧಿಕಾರಿ ಕುರ್ಚಿಯಿಂದ ಅರ್ಧ ಎದ್ದು ಇಣುಕಿದರು. ಏನು ಮಾಡಬೇಕೆಂದು ತೋಚದೆಯೋ ಏನೋ, ಭೂತಗನ್ನಡಿಯನ್ನೂ ಕೈಗೆತ್ತಿಕೊಂಡರು.

"ಎಣಿಸ್ಕಳಿ" ಎಂದರು ಅತ್ತೆ.

ಗುಮಾಸ್ತರು ಬಾಗಿಲಲ್ಲೇ ನಗಲಾರಂಭಿಸಿ ಹೊರಗೆ ಓಡಿದರು. ಮ್ಯಾನೇಜರು ಮಾತ್ರ ಗಂಭೀರವಾಗಿ ಒಂದು ಲೋಟ ನೀರು ತರಿಸಿದರು.

ಹೊರಡುವ ಮೊದಲು ಅಧಿಕಾರಿ ಒಂದು ಮಾತು ಹೇಳಿದರು: "ಪಾಸ್‌ಬುಕ್ಕು ಕೊಟ್ಟಿದ್ದು ನಿಮ್ಮ ಮನೆಯವರ ತಪ್ಪು. ರುಜು ಹೊಂದದೇ ಇದ್ದರೂ ದುಡ್ಡು ಕೊಟ್ಟಿದ್ದು ನಮ್ಮ ತಪ್ಪು. ನಾನು ಎರಡನ್ನೂ ಬರೀಬೇಕಾಗುತ್ತೆ."

"ಬರೀರಿ. ನಮ್ಮನೆ ತಪ್ಪು ಮನೇಲಿ ನಾನು ನೋಡ್ಕೋತೀನಿ. ನಿಮ್ಮ ತಪ್ಪು ನೀವು ನೋಡ್ಕಳಿ" ಎಂದರು ಅತ್ತೆ.

ಬ್ಯಾಂಕಿನವರು ನೋಡಿಕೊಳ್ಳಲು ಏಳು ತಿಂಗಳು ಬೇಕಾಯಿತು. ನಾನು ಬಲಗೈಯಲ್ಲೇ ನಾಲ್ಕು ಜ್ಞಾಪನ ಪತ್ರ ಬರೆದೆ. ಪ್ರತಿ ಪತ್ರದ ಕೆಳಗೂ ಅತ್ತೆ ತಮ್ಮ ತೆಲುಗು ತಲೆಕಟ್ಟಿನ ರುಜು ಹಾಕುತ್ತಿದ್ದರು. ಕೊನೆಗೊಂದು ದಿನ ಬ್ಯಾಂಕಿನಿಂದ ಕಾಗದ ಬಂತು. ಹಣವನ್ನು ಖಾತೆಗೆ ಮರಳಿಸಲು ಒಪ್ಪಿದ್ದರು. ಅದಕ್ಕೆ ಮೊದಲು ಅತ್ತೆ ಒಂದು ಛಾಪಾ ಕಾಗದಕ್ಕೆ ರುಜು ಹಾಕಬೇಕಿತ್ತು, ಅಷ್ಟೆ.

ಆ ಅಷ್ಟೆಯಲ್ಲೇ ಕೆಟ್ಟಿತು. ಒಮ್ಮೆ ಮೋಸ ಹೋದ ಬ್ಯಾಂಕು ಈಗ ವಿಪರೀತ ಎಚ್ಚರವಾಗಿತ್ತು. ಅತ್ತೆ ರುಜು ಹಾಕಿದರು. ಮ್ಯಾನೇಜರು ಕಾರ್ಡಿನೊಂದಿಗೆ ಹೋಲಿಸಿ, "ಹೊಂದುವುದಿಲ್ಲವಲ್ಲ ಅಮ್ಮ" ಎಂದರು. ನಿಜವಾಗಿಯೂ ಹೊಂದುತ್ತಿರಲಿಲ್ಲ. ಕಾರ್ಡಿನ ರುಜು ಹದಿನೈದು ವರ್ಷದ ಹಿಂದಿನದು. ಈಗ ಕೈ ನಡುಗುತ್ತಿತ್ತು, ಸಿಟ್ಟಿಗೆ ಇನ್ನಷ್ಟು ನಡುಗುತ್ತಿತ್ತು. ಮೂರು ಸಲ ಹಾಕಿದರು. ಮೂರೂ ಮೂರು ಥರ ಬಂದವು.

ಮ್ಯಾನೇಜರಿಗೆ ಪಾಪ ಅನ್ನಿಸಿರಬೇಕು. ಶಾಯಿಯ ಡಬ್ಬಿಯನ್ನು ಮುಂದಕ್ಕೆ ಸರಿಸಿದರು. "ಹೆಬ್ಬೆಟ್ಟು ಒತ್ತಿಬಿಡಿ ಅಮ್ಮ. ಇಬ್ಬರು ಸಾಕ್ಷಿ ಹಾಕಿಸುತ್ತೇನೆ. ಈಗಲೇ ಹಣ ಜಮಾ ಆಗುತ್ತದೆ."

ಅತ್ತೆ ಆ ಡಬ್ಬಿಯನ್ನು ನೋಡಿದ ರೀತಿ ನನಗೆ ಇಂದೂ ಕಣ್ಣಿಗೆ ಕಟ್ಟಿದಂತಿದೆ. "ನಾನು ಹೆಬ್ಬೆಟ್ಟಾ?" ಎಂದರು. ಗಟ್ಟಿಯಾಗಿ ಅಲ್ಲ. "ನಮ್ಮಪ್ಪ ಹೆಣ್ಮಕ್ಕಳಿಗೆ ಓದು ಬೇಡ ಅಂದಾಗ ನಮ್ಮಮ್ಮ ಮೂರು ದಿನ ಅನ್ನ ಬಿಟ್ಟು ನನ್ನ ಸ್ಕೂಲಿಗೆ ಸೇರಿಸಿದ್ದು ಸ್ವಾಮಿ. ದುಡ್ಡು ಬೇಕಾದ್ರೆ ನೀವೇ ಇಟ್ಕಳಿ."

ಹಾಗೆಂದು ಎದ್ದು ಹೊರಟೇಬಿಟ್ಟರು. ದಾರಿಯುದ್ದಕ್ಕೂ ನಾನು ಗೋಗರೆದೆ. "ಒಂದ್ಸಲ ಒತ್ತಿದ್ರೆ ಏನಾಗುತ್ತೆ ಅತ್ತೆ?" ಎಂದೆ. ಅವರು ಮನೆಗೆ ಬಂದು ಒಲೆಯಿಂದ ಆರಿದ ಇದ್ದಿಲೊಂದನ್ನು ತೆಗೆದುಕೊಂಡು ನೇರ ಕೊಟ್ಟಿಗೆಗೆ ಹೋದರು.

ಮೂರು ವಾರ ಕೊಟ್ಟಿಗೆಯ ಗೋಡೆ ಅವರ ಹೆಸರಿನಿಂದ ತುಂಬಿತು. ಹಾಲು ಕರೆಯುವ ಮುಂಚೆ ಹತ್ತು ಸಲ, ಕರೆದಮೇಲೆ ಹತ್ತು ಸಲ. ಜಾಗ ಸಾಲದಾದಾಗ ನನ್ನ ಗಂಡ ಯಾರೂ ಹೇಳದೆಯೇ ಒಂದು ಬೆಳಿಗ್ಗೆ ಗೋಡೆಗೆ ಸುಣ್ಣ ಬಳಿದುಕೊಟ್ಟರು. ನಾನು ಹತ್ತಿರ ಹೋಗಿ, "ಹಿಂಗಲ್ಲ ಅತ್ತೆ, ಎರಡನೇ ಅಕ್ಷರ ಸ್ವಲ್ಪ ಗುಂಡಗೆ..." ಎಂದರೆ ಇದ್ದಿಲು ತೋರಿಸಿ ಗದರಿಸುತ್ತಿದ್ದರು.

"ದೂರ ಹೋಗೇ! ನಿನ್ನ ಥರ ಬಂದ್ಬಿಟ್ರೆ ಮತ್ತೆ ಕೊಡಲ್ಲ ಅವ್ರು."

ಮೂರು ವಾರದ ನಂತರ ಬ್ಯಾಂಕಿಗೆ ಹೋದೆವು. ಅತ್ತೆ ಹೊಸ ಸೀರೆ ಉಟ್ಟಿದ್ದರು. ಗುಮಾಸ್ತರು, ಕ್ಯಾಷಿಯರು, ಸರದಿಯಲ್ಲಿ ನಿಂತಿದ್ದ ನಾಲ್ಕೈದು ಜನ ಎಲ್ಲರೂ ಮ್ಯಾನೇಜರ ಕೋಣೆಯ ಬಾಗಿಲಿಗೆ ಬಂದು ಸೇರಿದರು. ಅತ್ತೆ ಉಸಿರು ಬಿಗಿಹಿಡಿದು ಮೂರು ಅಕ್ಷರ ಬರೆದು, ಮೇಲೆ ಒಂದೊಂದಾಗಿ ಗೀಟು ಎಳೆದರು. ಮ್ಯಾನೇಜರು ಕಾರ್ಡನ್ನು ಪಕ್ಕದಲ್ಲಿಟ್ಟು ನೋಡಿದರು. ಆಮೇಲೆ ತಮ್ಮ ಪೆನ್ನಿನ ಮುಚ್ಚಳ ತೆಗೆದು, ಕೆಳಗೆ ತಾವೂ ರುಜು ಹಾಕಿದರು. ಆ ರುಜುವಿನಲ್ಲಿ ಒಂದಕ್ಷರವೂ ಓದಲು ಬರುವಂತಿರಲಿಲ್ಲ.

"ಇದ್ಯಾವ ಭಾಷೆ ಸ್ವಾಮಿ?" ಎಂದು ಅತ್ತೆ ಕೇಳಿದರು.

ಆಮೇಲೆ ಬಂದ ಬೇಸಿಗೆಯಲ್ಲಿ ಚಿಂತಾಮಣಿಯಿಂದ ಪೊಲೀಸರ ಕರೆ ಬಂತು. ಅಲ್ಲಿ ಇದೇ ರೀತಿ ಪಾಸ್‌ಬುಕ್ಕು ಸಂಗ್ರಹಿಸುತ್ತಿದ್ದ ಒಬ್ಬ ಗಂಡಸು, ಒಬ್ಬ ಹೆಂಗಸು ಸಿಕ್ಕಿಬಿದ್ದಿದ್ದರು. ನಾವು ಗುರುತು ಹಿಡಿಯಬೇಕಿತ್ತು. ಬಸ್ಸು ಬದಲಾಯಿಸುತ್ತಾ ಅತ್ತೆ ಮತ್ತು ನಾನು ಹೋದೆವು.

ಠಾಣೆಯ ಮೂಲೆಯಲ್ಲಿ ಬನಿಯನ್ನು ಹಾಕಿಕೊಂಡ ಒಬ್ಬ ಗಂಡಸು ಕುಕ್ಕರುಗಾಲಿನಲ್ಲಿ ಕುಳಿತಿದ್ದ. ನಾನು ಮುಂದಿನಿಂದ ನೋಡಿದೆ, ಪಕ್ಕದಿಂದ ನೋಡಿದೆ. ಗುರುತು ಸಿಗಲಿಲ್ಲ. ಇನ್‌ಸ್ಪೆಕ್ಟರ್ ತಾಳ್ಮೆಯಿಂದ ಕಾದರು. ಕೊನೆಗೆ ನಾನು ನಾಚಿಕೆಯಿಂದ, "ಅವನ ಟೈ ಏನಾದ್ರೂ ಸಿಕ್ಕಿದೆಯಾ ಸಾರ್?" ಎಂದು ಕೇಳಿದೆ. ಒಬ್ಬರು ಹೋಗಿ ಕಂದು ಚೀಲವನ್ನು ತಂದು ಟೈಯನ್ನು ಹೊರತೆಗೆದರು. ಅವನೇ ಅದನ್ನು ಬನಿಯನ್ನಿನ ಮೇಲೆ ಕಟ್ಟಿಕೊಂಡು ಎದ್ದುನಿಂತ. ಗಂಟು ಎಡಕ್ಕೆ ಸರಿದಿತ್ತು.

"ಇವನೇ!" ಎಂದು ಕೂಗಿದೆ.

"ಚೆನ್ನಾಗಿದೀರಾ ಮೇಡಂ?" ಎಂದ ಅವನು.

ಅತ್ತೆ ಅವನತ್ತ ನೋಡಲೇ ಇಲ್ಲ. ಬೆಂಚಿನ ಮೇಲೆ ಕುಳಿತಿದ್ದ ಹೆಂಗಸನ್ನೇ ನೋಡುತ್ತಿದ್ದರು. ಹೆಚ್ಚುಕಡಿಮೆ ಅವರದೇ ವಯಸ್ಸು. ಆದರೆ ಒಂದು ಮೊಳ ಕುಳ್ಳು. "ಇವಳು ನನ್ನ ಥರ ಇದಾಳಾ? ಆ ಕ್ಯಾಷಿಯರಿಗೆ ಕಣ್ಣು ಎಲ್ಲಿತ್ತು?" ಎಂದು ಗೊಣಗಿದರು. ಆ ಹೆಂಗಸು ತಲೆ ತಗ್ಗಿಸಿಕೊಂಡೇ ತೆಲುಗಿನಲ್ಲಿ ಏನೋ ಹೇಳಿದಳು. ತನಗೆ ಓದು ಬರುವುದಿಲ್ಲವೆಂದೂ, ಸುಮ್ಮನೆ ಕುಳಿತು ಕರೆದಾಗ ಎದ್ದು ಹೋಗೆಂದು ಹೇಳಿದ್ದರೆಂದೂ, ಯಾರ ಹೆಸರು ಕೂಗಿದರೆಂಬುದೂ ತನಗೆ ನೆನಪಿಲ್ಲವೆಂದೂ ಅವಳು ಹೇಳಿದ್ದು ಎಂದು ಅತ್ತೆ ಆಮೇಲೆ ತಿಳಿಸಿದರು. ಅವಳನ್ನು ಬೈಯಲೆಂದೇ ಇಷ್ಟು ದೂರ ಬಂದಿದ್ದವರು ಬೈಯದೆಯೇ ಹೊರಗೆ ಬಂದರು.

ಹಿಂತಿರುಗುವಾಗ ಶಿಡ್ಲಘಟ್ಟದಲ್ಲಿ ಇಳಿದು, ಅಲ್ಲಿಂದ ದಿಬ್ಬೂರಹಳ್ಳಿಯ ಬಸ್ಸು ಹತ್ತಿ ನಾದಿನಿಯ ಮನೆಗೆ ಹೋದೆವು. ಅಲ್ಲಿ ಹೊಸ ಬೆಳೆಯ ಹುಳಕ್ಕೆ ಸೊಪ್ಪು ಹಾಕುತ್ತಿದ್ದರು. ನಾದಿನಿ, ಅವಳ ಗಂಡ, ಅವಳ ಅತ್ತೆ, ಪಕ್ಕದ ಮನೆಯವರ ಸಮೇತ ಎಲ್ಲರೂ ಹುಳದ ತಟ್ಟೆಗಳ ನಡುವೆಯೇ ಕುಳಿತು ಕಥೆ ಕೇಳಿದರು. ಅತ್ತೆ ಚೆನ್ನಾಗಿ ಹೇಳಿದರು. ಕಳ್ಳ ಬಂದದ್ದು, ಕ್ಯಾಷಿಯರಿಗೆ ಬಾಯಿ ತೆರೆದು ತೋರಿಸಿದ್ದು, ಶಾಯಿಯ ಡಬ್ಬಿ, ಗೋಡೆ, ಬನಿಯನ್ನಿನ ಮೇಲಿನ ಟೈ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಸೊಪ್ಪು ಬಿಡಿಸುತ್ತಾ, ನನ್ನ ಭಾಗ ಯಾವಾಗ ಬರುತ್ತದೋ ಎಂದು ತಲೆ ತಗ್ಗಿಸಿ ಕುಳಿತಿದ್ದೆ. ಬರಲಿಲ್ಲ.

ನಾದಿನಿಗೆ ಒಂದು ಅನುಮಾನ ಉಳಿಯಿತು. "ಅದು ಸರಿ ಕಣಮ್ಮ, ನೀನು ಇಲ್ಲಿದ್ದೆ. ನಿನ್ನ ರುಜು ಅವನಿಗೆ ಹೆಂಗೆ ಸಿಕ್ತು?"

ಅತ್ತೆ ನನ್ನ ಕಡೆ ನೋಡಲಿಲ್ಲ. ತಟ್ಟೆಯ ಮೇಲೆ ಒಂದು ಹಿಡಿ ಸೊಪ್ಪು ಉದುರಿಸಿ, ಕೈ ಕೊಡವಿಕೊಂಡರು.

"ಕಳ್ಳರ ವಿದ್ಯೆ ನನಗೇನು ಗೊತ್ತು? ಆ ಕಡೆ ತಟ್ಟೇಲಿ ಸೊಪ್ಪು ಮುಗಿದಿದೆ ನೋಡು, ಹಾಕ್ಬಾ."

ನಾದಿನಿ ಎದ್ದು ಹೋದಳು.